ಮೂರು ಮಗ್ಗದ ಮೋಟಾರು

ನಮ್ಮ ಜಗಲಿಯ ಮೇಲೆ ಒಂದು ಹಲಗೆ ಇದೆ. ಒಂದಾಳು ಕಾಲು ಚಾಚಿ ಮಲಗುವಷ್ಟು ಉದ್ದ, ಒಂದು ಮೊಳ ಅಗಲ. ಅಂಚಿನಲ್ಲಿ ಹಸಿರು ಬಣ್ಣ ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಉಳಿದಿದೆ. ಎರಡು ತುದಿಗೂ ಬೋಲ್ಟಿನ ತೂತು. ನನ್ನ ಸೊಸೆಗೆ ಈ ಹಲಗೆಯ ಮೇಲೆ ಕಣ್ಣು. ಕೂರುವುದಕ್ಕಲ್ಲ, ಒಲೆಗೆ.

"ಒಳ್ಳೆ ಮರ ಕಣತ್ತೆ, ಸೀಳ್ಸುದ್ರೆ ಒಂದು ವಾರದ ನೀರು ಕಾಯ್ತದೆ" ಅಂದಳು ಮೊನ್ನೆ.

"ಸೀಳ್ಸಮ್ಮ. ಅದಕ್ಕೆ ಮುಂಚೆ ನನ್ನ ಎತ್ತಿ ಆಚೆಗೆ ಇಡು" ಅಂದೆ. ಹಲಗೆಯ ಮೇಲೆ ನಾನೇ ಕೂತಿದ್ದೆನಲ್ಲ. ನನ್ನನ್ನು ಎತ್ತುವ ಶಕ್ತಿ ಅವಳಿಗಿಲ್ಲ. ಹಲಗೆ ಉಳಿಯಿತು.

ಅಷ್ಟರಲ್ಲಿ ಮಗ ಪೇಪರು ಹಿಡಿದು ಬಂದ. "ಅವ್ವಾ, ಇನ್ನೇನು ನಮ್ಮ ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರ್ತದಂತೆ. ಸೇರುದ್ ಮೇಲೆ ರೈಲು ಬಂದೇ ಬತ್ತದಂತೆ. ಆಮೇಲೆ ಈ ಬಸ್ಸಿನೋರನ್ನ ಕೇಳೋರೇ ಇರಲ್ಲ."

ನನಗೆ ನಗು ಬಂತು. ಈ ರೈಲಿನ ಮಾತನ್ನು ನಾನು ಮೊದಲ ಸಲ ಕೇಳಿದಾಗ ಈ ಮಗ ತೊಟ್ಟಿಲಲ್ಲಿದ್ದ. ಅವತ್ತಿನಿಂದ ಇವತ್ತಿನವರೆಗೆ ರೈಲು ಬರುತ್ತಲೇ ಇದೆ. ಬರುವ ದಾರಿಯಲ್ಲಿ ನಮ್ಮ ಮನೆಯ ಒಂದು ಮಗ್ಗವನ್ನೂ ನುಂಗಿತು. ಬರದ ರೈಲು ಮಗ್ಗ ನುಂಗುವುದು ಹೇಗೆ ಅಂತ ಕೇಳುತ್ತೀರಿ. ಅದನ್ನೇ ಬರೆಯೋಣ ಅಂತ ಕೂತೆ. ಯಳಂದೂರಿನಲ್ಲಿ ನಾನು ಎರಡು ವರ್ಷ ಸ್ಕೂಲಿಗೆ ಹೋದವಳು. ಮೂರನೇ ವರ್ಷ ಅಪ್ಪ ಬೇಡ ಅಂದರು. ಕಲಿತ ಅಕ್ಷರಗಳನ್ನು ಮಾತ್ರ ವಾಪಸ್ಸು ಕೇಳಲಿಲ್ಲ, ನನ್ನ ಹತ್ತಿರವೇ ಉಳಿದವು. ತಪ್ಪಿದ್ದರೆ ತಿದ್ದಿಕೊಂಡು ಓದಿ, ನನಗೆ ಹೇಳಿ ಕಳಿಸಬೇಡಿ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಆಗ ಆರು ಮಗ್ಗ. ನಮ್ಮ ಮಾವನವರಿಗೆ ರೂಪಾಯಿಯ ಲೆಕ್ಕ ಬರುತ್ತಿತ್ತು, ಆದರೆ ರೂಪಾಯಿಯ ಮೇಲೆ ನಂಬಿಕೆ ಇರಲಿಲ್ಲ. ಯಾವುದರ ಬೆಲೆ ಹೇಳಿದರೂ "ಅದು ಎಷ್ಟು ಮಗ್ಗ ಆಯ್ತದೆ?" ಅನ್ನುತ್ತಿದ್ದರು. ಮಗ್ಗ ಅಂದರೆ ಬರೀ ಮರ ಅಲ್ಲ, ಅದರ ಮೇಲಿನ ರೇಷ್ಮೆ, ಜರಿ ಎಲ್ಲಾ ಸೇರಿ. ಹಸು ಅಂದರೆ ಅರ್ಧ ಮಗ್ಗ. ನನ್ನ ಮದುವೆಯ ಖರ್ಚು ಒಂದೂವರೆ ಮಗ್ಗ. ಇದನ್ನು ನಾನು ಬಂದು ಹತ್ತು ವರ್ಷವಾದರೂ ಹೇಳುತ್ತಿದ್ದರು. "ಒಂದೂವರೆ ಮಗ್ಗದೋಳು ಎಲ್ಲಿ ಓದ್ಲು? ಕಂಡಿಕೆ ಖಾಲಿ ಆಗ್ಬುಟ್ಟದೆ" ಅಂತ ಕೂಗುವರು. ನಾನೂ ಒಳಗಿನಿಂದಲೇ "ಒಂದೂವರೆ ಮಗ್ಗ ಅನ್ನಕ್ಕೆ ನೀರು ಇಡ್ತಾ ಅದೆ ಮಾವ, ಎರಡೇ ಕೈ ಇರೋದು" ಅನ್ನುತ್ತಿದ್ದೆ. ಸೊಸೆ ಹಾಗೆ ಉತ್ತರ ಕೊಡಬಾರದು ಅಂತ ನಮ್ಮತ್ತೆಗೆ ಸಿಟ್ಟು. ಮಾವನವರಿಗೆ ಇಲ್ಲ. ಅವರಿಗೆ ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಬಂದರೆ ಸಾಕು.

ಆ ಹೊತ್ತಿಗೆ ಚಾಮರಾಜನಗರಕ್ಕೆ ಹೊಸದಾಗಿ ರೈಲು ಬಂದಿತ್ತು. ಅಲ್ಲಿಂದ ಯಳಂದೂರು, ಯಳಂದೂರಿನಿಂದ ಕೊಳ್ಳೇಗಾಲ, ಇಷ್ಟೇ ತಾನೇ ಅಂತ ಊರೆಲ್ಲಾ ಮಾತು. ಸರಪಳಿ ಹಿಡಿದ ಯಾರೋ ಬಂದು ಯಳಂದೂರಿನ ಆಚೆ ಹೊಲಗಳಲ್ಲಿ ಕಲ್ಲು ನೆಟ್ಟು ಹೋದರು. ಆ ಕಲ್ಲಿಗೆ ಮೊದಲು ಹೊಲದವನು ಬೈದ. ಆಮೇಲೆ ಎಮ್ಮೆ ಕಟ್ಟಿದ. ಈಗಲೂ ಕಟ್ಟುತ್ತಿದ್ದಾರೆ, ನಾನೇ ನೋಡಿದ್ದೇನೆ.

ನಮ್ಮ ಮನೆಯಲ್ಲಿ ರೈಲು ಹತ್ತಿದ್ದವಳು ನಾನೊಬ್ಬಳೇ. ಚಿಕ್ಕವಳಿದ್ದಾಗ ಅಪ್ಪನ ಜೊತೆ ನಂಜನಗೂಡಿನಿಂದ ಮೈಸೂರಿಗೆ. ಅದನ್ನೊಂದು ದೊಡ್ಡ ಸಂಗತಿ ಅಂತ ಹೇಳಿಕೊಂಡು ಬಹಳ ವರ್ಷ ಮೆರೆದೆ. ನಡೆದದ್ದು ಹೇಳುತ್ತೇನೆ ಕೇಳಿ. ಗಾಡಿ ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂತಿದ್ದೆ. ಮರ, ಗದ್ದೆ ಎಲ್ಲಾ ನನ್ನ ಬೆನ್ನ ಹಿಂದಿನಿಂದ ಬಂದು ಮುಂದೆ ಮುಂದೆ ಓಡಿ ಹೋಗುತ್ತಿದ್ದವು. ನನ್ನನ್ನು ವಾಪಸ್ಸು ಯಳಂದೂರಿಗೆ ಎಳಕೊಂಡು ಹೋಗುತ್ತಿದ್ದಾರೆ, ಮೈಸೂರು ತೋರಿಸುವುದಿಲ್ಲ ಅಂತ ಅಳು ಶುರು ಮಾಡಿದೆ. ಎದುರಿಗಿದ್ದ ಒಬ್ಬ ಮುದುಕ ಎದ್ದು ತನ್ನ ಜಾಗ ಕೊಟ್ಟ. ಆ ಕಡೆ ಕೂತ ತಕ್ಷಣ ಗಾಡಿ ಮೈಸೂರಿಗೆ ತಿರುಗಿತು, ನಾನೂ ಸುಮ್ಮನಾದೆ. ಕಣ್ಣಿಗೆ ಇದ್ದಿಲ ಕಿಡಿ ಬಿತ್ತು. ಇದು ನನ್ನ ರೈಲಿನ ಅನುಭವ. ಇದರ ಆಧಾರದ ಮೇಲೆ ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಯಾರು ರೈಲಿನ ಬಗ್ಗೆ ಮಾತಾಡಿದರೂ "ಯಳಂದೂರೋಳ ಕೇಳಿ" ಅನ್ನುತ್ತಿದ್ದರು, ನಾನೂ ಹೇಳುತ್ತಿದ್ದೆ.

ಆಗ ಹನೂರಿನಿಂದ ನಮ್ಮೂರಿಗೆ ಬಂದು, ನಮ್ಮ ಬೀದಿ ಹಾದು, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಒಂದು ಮೋಟಾರು ಹೋಗುತ್ತಿತ್ತು. ಬಸ್ಸು ಅನ್ನುವ ಮಾತು ಆಗ ನಮಗೆ ಗೊತ್ತಿಲ್ಲ. ಮೋಟಾರೇ. ಲಾರಿಯ ಅಡಿಯ ಕಬ್ಬಿಣದ ಮೇಲೆ ಬಡಗಿ ಕಟ್ಟಿದ ಮರದ ಮನೆ, ಮೇಲೆ ತಗಡು, ಪಕ್ಕಕ್ಕೆ ಪಡದೆ. ಅದರ ಯಜಮಾನರು ಹನೂರಿನ ಒಬ್ಬ ಸಾಹುಕಾರರು. ಒಂದು ಮೋಟಾರು ಇದ್ದದ್ದು ಸಾಲದೆ ಎರಡನೆಯದು ತೆಗೆಯಬೇಕು, ಅದಕ್ಕೆ ಪಾಲುದಾರರು ಬೇಕು ಅಂತ ಒಂದು ಮಧ್ಯಾಹ್ನ ನಮ್ಮ ಜಗಲಿಗೆ ಬಂದು ಕೂತರು. ಅವರನ್ನು ಕರಕೊಂಡು ಬಂದವನು ನನ್ನ ಮೈದುನ ಮಾದೇವ.

ಮಾದೇವ ಒಳ್ಳೆಯವನೇ. ಒಂದೇ ಆಸೆ ಅವನಿಗೆ, ಮೋಟಾರಿನಲ್ಲಿ ಡ್ರೈವರ ಪಕ್ಕ ಯಜಮಾನ ಆಗಿ ಕೂರಬೇಕು. ಲಾಳಿ ಎಸೆಯುವಾಗಲೂ ಬಾಯಲ್ಲಿ ಹಾರನ್ನು ಹೊಡೆಯುತ್ತಿದ್ದ.

ಸಾಹುಕಾರರು ಕೇಳಿದ್ದು ಮೂರು ಮಗ್ಗದ ದುಡ್ಡು. ಅಂದರೆ ಮನೆಯ ಅರ್ಧ. ಒಂದು ಮಾದೇವನದು. ಇನ್ನೊಂದು ಕೂಲಿಯವರು ನೇಯುತ್ತಿದ್ದದ್ದು. ಮೂರನೆಯದು ನಮ್ಮೋರದು, ನನ್ನ ಗಂಡನದು. ನಮ್ಮೋರು ಬಾಯಿಲ್ಲದ ಮನುಷ್ಯ. ಆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಪೀತಾಂಬರ ಏಳುತ್ತಿತ್ತು, ಎದ್ದು ಬಂದರೆ ಉಪ್ಪು ತರುವುದಕ್ಕೂ ಬರುತ್ತಿರಲಿಲ್ಲ. ಆ ಮಗ್ಗ ಹೋದರೆ ಅವರು ಯಾರದೋ ಮನೆಯ ಗುಂಡಿಯಲ್ಲಿ ಕೂಲಿಗೆ ಕೂರಬೇಕು. ನಾನು ಯಾರದೋ ಮನೆಗೆ ಕಂಡಿಕೆ ಸುತ್ತಬೇಕು. ಬಾಗಿಲ ಹಿಂದೆ ರಾಟೆ ತಿರುಗಿಸುತ್ತಾ ಇದೆಲ್ಲಾ ಕೇಳಿದೆ. ನೂಲು ಮೂರು ಸಲ ಹರಿಯಿತು.

ಮಾವನವರು ಸುಲಭಕ್ಕೆ ಬೀಳುವವರಲ್ಲ. "ಸಾವ್ಕಾರ್ರೇ, ನಾಳೆ ರೈಲು ಬಂದ್ಬುಟ್ರೆ ನಿಮ್ಮ ಮೋಟಾರಿಗೆ ಯಾರು ಅತ್ತಾರು?" ಅಂದರು.

ಸಾಹುಕಾರರಿಗೆ ಅದೇ ಬೇಕಾಗಿತ್ತು. "ರೈಲು ಎಂಗ್ ಬತ್ತದೆ ಯಜಮಾನ್ರೇ? ಒಂದು ಇಂಜಿನ್ನಿನ ಬೆಲೆ ಏನು ಅಂದ್ಕಂಡ್ರಿ? ನಿಮ್ಮ ಬೀದಿಲಿರೋ ಮಗ್ಗ ಎಲ್ಲಾ ಮಾರುದ್ರೂ ಇಂಜಿನ್ನಿನ ಚಕ್ರ ಬರಲ್ಲ. ಅದ್ರ ಇಂದೆ ಡಬ್ಬಿಗಳು. ಒಂದೊಂದು ಡಬ್ಬಿನೂ ಒಂದೊಂದು ಮನೆ. ನಮ್ಮ ಮೋಟಾರು? ಒಟ್ಟು ಏಳೆಂಟು ಮಗ್ಗ. ಅಷ್ಟಕ್ಕೆ ಗಾಡಿನೂ ಬಂತು, ಡಬ್ಬಿನೂ ಬಂತು, ಇಂಜಿನ್ನೂ ಬಂತು. ಯಾವುದು ಅಗ್ಗ ನೀವೇ ಏಳಿ."

"ಮೋಟಾರೇ ಅಪ್ಪಯ್ಯ" ಅಂದ ಮಾದೇವ, ಯಾರೂ ಅವನನ್ನು ಕೇಳದಿದ್ದರೂ.

ನನಗೆ ತಡೆಯಲಾಗಲಿಲ್ಲ. ಬಾಗಿಲ ಹಿಂದಿನಿಂದಲೇ ಅಂದೆ. "ಮಾವ, ಹಸು ಕೊಳ್ಳೋವಾಗ ಬೆಲೆ ಕೇಳಿ ಕಟ್ಕಂಡು ಬತ್ತೀವಾ? ನಾಕು ದಿನ ಕರೆದು ನೋಡಲ್ವಾ? ಎಷ್ಟು ಮೇಯ್ತದೆ, ಎಷ್ಟು ಕೊಡ್ತದೆ, ಯಾವತ್ತು ಒದೀತದೆ?"

ಸಾಹುಕಾರರು ನಕ್ಕು, "ನಿಮ್ಮ ಸೊಸೆ ಮೋಟಾರನ್ನ ಕರೀತಾರಂತೆ" ಅಂದರು. ಎಲ್ಲರೂ ನಕ್ಕರು. ಮಾವನವರು ನಗಲಿಲ್ಲ. "ಕೈಲಿರೋ ಮದುವೆ ಸೀರೆಗಳು ಮುಗೀಲಿ. ಎರಡು ಮೂರು ತಿಂಗಳು ಬಿಟ್ಟು ಜವಾಬು ಏಳ್ತೀನಿ" ಅಂದು ಎದ್ದರು.

ಅವತ್ತೇ ನಾನು ನೂಲು ಶುರು ಮಾಡಿದ್ದು.

ಹಾಸು ಹಾಕುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಸೀರೆಗೆ ಉದ್ದದ ಎಳೆಗಳನ್ನು ಹಾಸುವಾಗ ಸಾವಿರಗಟ್ಟಲೆ ಎಳೆ. ಬಾಯಲ್ಲಿ ಎಣಿಸಿದರೆ ಯಾರಾದರೂ ಬಂದು ಕೂಗಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಅದಕ್ಕೆ ಇಷ್ಟು ಎಳೆಗೊಂದು ಅಂತ ಬೇರೆ ಬಣ್ಣದ ನೂಲನ್ನು ಗಂಟು ಹಾಕುತ್ತೇವೆ. ಗಂಟು ಎಣಿಸಿದರೆ ಸಾಕು. ಓದು ಬಾರದ ಹೆಂಗಸರೂ ಇದರಲ್ಲಿ ತಪ್ಪುವುದಿಲ್ಲ. ನಾನು ಒಂದು ಗಟ್ಟಿ ದಾರ ತೆಗೆದುಕೊಂಡೆ. ಬೆಳಿಗ್ಗೆ ಹೋದ ಮೋಟಾರು ಸಾಯಂಕಾಲ ವಾಪಸ್ಸು ಬಂದದ್ದು ನನ್ನ ಕಣ್ಣಿಗೆ ಬಿದ್ದರೆ ಕೆಂಪು ಗಂಟು. ಬೀಳದಿದ್ದರೆ ಬಿಳಿ. ನಮ್ಮ ಜಗಲಿ ರಸ್ತೆಗೇ ಇದೆ. ರಾಟೆಯನ್ನು ಬಾಗಿಲ ಹತ್ತಿರ ಎಳೆದುಕೊಂಡರೆ ಸಾಕು, ಕೆಲಸವೂ ಆಯಿತು, ಕಾವಲೂ ಆಯಿತು. ಹೀಗೆ ಮೂವತ್ತು ದಿನ.

ಮೋಟಾರು ಬಾರದ ದಿನ ಏನಾಯಿತು ಅಂತಲೂ ವಿಚಾರಿಸುತ್ತಿದ್ದೆ. ಒಂದು ದಿನ ಟಯರು ಒಡೆಯಿತು. ಒಂದು ದಿನ ಪೆಟ್ರೋಲು ಡಬ್ಬ ಬರಲಿಲ್ಲ. ಒಂದು ದಿನ ಮುಳ್ಳೂರಿನ ಹತ್ತಿರ ನಿಂತದ್ದನ್ನು ಎರಡು ಜೊತೆ ಎತ್ತು ಕಟ್ಟಿ ಎಳೆದು ತಂದರು. ಅವತ್ತು ಮೋಟಾರು ನಮ್ಮ ಬೀದಿಗೆ ಬಂದದ್ದೇನೋ ನಿಜ, ಎತ್ತಿನ ಹಿಂದೆ. ಕೆಂಪು ಹಾಕಲೇ ಬಿಳಿ ಹಾಕಲೇ ಅಂತ ಬಹಳ ಹೊತ್ತು ಯೋಚನೆ ಮಾಡಿ ಬಿಳಿ ಹಾಕಿದೆ. ಎತ್ತಿಗೆ ಹಾಕುವುದಾದರೆ ಕೆಂಪು ಹಾಕಬೇಕಾಗಿತ್ತು.

ಒಂದು ಬೆಳಿಗ್ಗೆ ಕ್ಲೀನರು ನಮ್ಮ ಮನೆಗೇ ನೀರಿಗೆ ಬಂದ. ಬಾನಿಯ ನೀರನ್ನೆಲ್ಲಾ ಮೋಟಾರಿನ ಮೂತಿಗೆ ಸುರಿದ.

"ಎಷ್ಟಪ್ಪಾ ಕುಡೀತದೆ ಇದು?" ಅಂದೆ.

"ಏರು ಸಿಕ್ಕುದ್ರೆ ಲೆಕ್ಕನೇ ಇಲ್ಲ ಕಣಮ್ಮ" ಅಂದ.

"ಓಡ್ದೇ ನಿಂತಿದ್ರೆ?"

"ನಿಂತ್ರೆ ಅದೇನೂ ತಿನ್ನಲ್ಲ. ನಾವು ತಿಂತೀವಿ. ಡ್ರೈವರ ಸಂಬಳ, ನನ್ನ ಬತ್ಯೆ, ಶೆಡ್ಡಿನ ಬಾಡಿಗೆ. ಗಡಿ ಆಚೆ ಮೈಸೂರೋರ ಲೈಸೆನ್ಸು ಬ್ಯಾರೆ, ಈಚೆ ಮದರಾಸೋರದು ಬ್ಯಾರೆ."

ಸಾಹುಕಾರರು ಇದ್ಯಾವುದನ್ನೂ ನಮ್ಮ ಜಗಲಿಯಲ್ಲಿ ಹೇಳಿರಲಿಲ್ಲ. ಕ್ಲೀನರಿಗೆ ಒಂದು ರಾಗಿ ರೊಟ್ಟಿ ಕೊಟ್ಟು ಕಳಿಸಿದೆ.

ಮೋಟಾರಿನ ಮೂವತ್ತು ಗಂಟು ಮುಗಿಯುವ ಹೊತ್ತಿಗೆ ನನ್ನ ಅಣ್ಣನಿಂದ ಕರೆ ಬಂತು. ಅಣ್ಣಯ್ಯ ಚಾಮರಾಜನಗರದಲ್ಲಿ ರೈಲ್ವೆ ಗ್ಯಾಂಗಿನ ಕೂಲಿ. ಅತ್ತಿಗೆಗೆ ಹೆರಿಗೆ, ಬಂದು ಒಂದು ತಿಂಗಳು ಅಡಿಗೆ ಮಾಡಿಕೊಡು ಅಂತ. ದೇವರೇ ಕಳಿಸಿದ ಹಾಗಾಯಿತು ಅಂದುಕೊಂಡೆ. ಮಗುವಿನ ಸಂತೋಷಕ್ಕಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ರೈಲಿನ ದಾರ ಕಟ್ಟಬಹುದಲ್ಲ ಅಂತ. ಕಂಕುಳಲ್ಲಿ ಈ ಪೇಪರು ಓದುವ ಮಗ, ಸೊಂಟದಲ್ಲಿ ಎರಡು ಬಣ್ಣದ ನೂಲು, ಅದೇ ಮೋಟಾರು ಹತ್ತಿ ಹೋದೆ.

ಅಣ್ಣಯ್ಯನಿಗೆ ರೈಲ್ವೆಯವರು ಕೊಟ್ಟದ್ದು ಒಂದೇ ಕೋಣೆಯ ಮನೆ. ಗಾಡಿ ಬಂದರೆ ಪಾತ್ರೆಗಳೆಲ್ಲಾ ಗಲಗಲ ಅನ್ನುತ್ತಿದ್ದವು. ಕಣ್ಣು ಮುಚ್ಚಿಕೊಂಡಿದ್ದರೂ ಗಂಟು ಹಾಕಬಹುದು. ಮೂವತ್ತರಲ್ಲಿ ಇಪ್ಪತ್ತೊಂಬತ್ತು ಕೆಂಪು, ಒಂದೇ ಬಿಳಿ. ಆ ಒಂದು ದಿನ ಮಳೆಗೆ ಎಲ್ಲೋ ಮಣ್ಣು ಕುಸಿದಿತ್ತು.

ಆದರೆ ಅಣ್ಣಯ್ಯ ನನ್ನ ಖುಷಿಯ ಮೇಲೆ ನೀರು ಹಾಕಿದ. "ಲೇ, ನಿಂಗೆ ಗಾಡಿ ಬಂದದ್ದು ಕಾಣ್ತದೆ. ಗಾಡಿ ಬರೋಕೆ ಮುಂಚೆ ನಾವು ಕಂಬಿ ಮೇಲೆ ನಡ್ಕಂಡು ಓಗಿದ್ದು ಕಂಡ್ಯಾ? ಒಂದೊಂದು ಬೋಲ್ಟು ಬಡಿದು ನೋಡ್ಬೇಕು. ಮೋಟಾರಿಗೆ ಆ ರಗಳೆ ಇಲ್ಲ. ರಸ್ತೆ ಸರ್ಕಾರದ್ದು, ಓಡೋದು ಅವ್ರು. ರೈಲು ತನ್ನ ರಸ್ತೆನ ತಾನೇ ಆಸ್ಕಬೇಕು, ತಾನೇ ಕಾಯ್ಬೇಕು."

"ಇಂಜಿನ್ನು ನಿಂತ್ರೆ?"

"ನಿಂತ್ರೂ ಉಣ್ತದೆ. ಬೆಂಕಿ ಆರಂಗಿಲ್ಲ. ಓಡೋಕೆ ಎಷ್ಟೋ ಒತ್ತು ಮುಂಚೆ ಇದ್ಲು ಆಕಿ ಕಾಯಿಸ್ಬೇಕು."

"ಮತ್ತೆ ಡಬ್ಬಿಗಳು?"

"ಅವು ಸಾಯಲ್ಲ. ನಾನು ಕೆಲಸಕ್ಕೆ ಸೇರ್ದಾಗ ಇದ್ದ ಡಬ್ಬಿಗಳೇ ಈಗ್ಲೂ ಓಡ್ತಾವೆ. ನಾನು ಓದ್ ಮೇಲೂ ಓಡ್ತಾವೆ."

ಅಲ್ಲಿಗೆ ನನಗೆ ಅರ್ಥವಾಯಿತು. ರೈಲು ಹಾಸು ಹಾಕಿ ನೇಯುವ ಸೀರೆ. ಮೊದಲೇ ಉದ್ದಕ್ಕೂ ಹಾಸಬೇಕು, ಸಾವಿರ ಎಳೆ ದುಡ್ಡು ಸುರಿಯಬೇಕು, ಆಮೇಲೆ ತಲೆಮಾರು ಉಡಬಹುದು. ಮೋಟಾರು ಸಂತೆಯಲ್ಲಿ ಕೊಂಡ ಸೀರೆ. ಇವತ್ತೇ ಉಡಬಹುದು, ಆದರೆ ಒಗೆದಷ್ಟು ಸಲ ಹರಿಯುತ್ತದೆ, ಹೊಲಿಯುವವರು ನಾವೇ. ಸಾಹುಕಾರರು ಹೇಳಿದ್ದು ಸುಳ್ಳಲ್ಲ, ಕೊಳ್ಳುವ ದಿನದ ಬೆಲೆ ಅಷ್ಟೇ. ಆದರೆ ಗಾಡಿಯ ಬೆಲೆ ಕೊಂಡ ದಿನಕ್ಕೆ ಮುಗಿಯುವುದಿಲ್ಲ, ನಿಂತ ದಿನಗಳಲ್ಲಿ ಬೆಳೆಯುತ್ತದೆ. ರೈಲು ನಿಂತರೆ ಸರ್ಕಾರದ ತಲೆನೋವು. ಮೋಟಾರು ನಿಂತರೆ ನಮ್ಮ ಮಗ್ಗ.

ಊರಿಗೆ ಬಂದ ಎರಡನೇ ದಿನವೇ ಸಾಹುಕಾರರು ಬಂದರು. ಜಗಲಿ ತುಂಬಿತು. ಮಾವನವರು, ಮಾದೇವ, ನಮ್ಮೋರು, ಬೀದಿಯ ಇನ್ನಿಬ್ಬರು ನೇಕಾರರು. ಮಾವನವರೇ ಕೂಗಿದರು, "ಒಂದೂವರೆ ಮಗ್ಗದೋಳೇ, ನಿನ್ನ ದಾರ ತಕಂಡು ಬಾ." ನಾನು ಗಂಟು ಹಾಕುವುದನ್ನು ಅವರು ನೋಡಿದ್ದರು ಅಂತ ಅವತ್ತೇ ಗೊತ್ತಾದದ್ದು.

ಎರಡೂ ದಾರ ತಂದು ಹಾಸಿದೆ. ರೈಲಿನದು ಕೆಂಪೋ ಕೆಂಪು. ಮೋಟಾರಿನದರಲ್ಲಿ ಹತ್ತೊಂಬತ್ತು ಕೆಂಪು, ಹನ್ನೊಂದು ಬಿಳಿ. ಹೇಳಬೇಕಾದದ್ದೆಲ್ಲಾ ಹೇಳಿದೆ. ನಿಂತ ದಿನದ ಸಂಬಳ, ಬಾಡಿಗೆ, ಎರಡು ಕಡೆ ಲೈಸೆನ್ಸು, ಎತ್ತಿನವರಿಗೆ ಕೊಟ್ಟದ್ದು. ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು.

ಸಾಹುಕಾರರು ದಾರವನ್ನು ಕೈಗೆತ್ತಿಕೊಂಡರು. ಒಂದೊಂದೇ ಗಂಟು ಸವರುತ್ತಾ ಹೋದರು. ಒಂದು ಕಡೆ ನಿಲ್ಲಿಸಿದರು.

"ಇದು ಯಾವ ದಿನದಿಂದ ಶುರು?"

"ಅಮಾವಾಸ್ಯೆ ಮಾರನೇ ದಿನದಿಂದ."

ಬೆರಳು ಮಡಿಸಿ ಎಣಿಸಿದರು. ಮುಖ ಅರಳಿತು. "ನೋಡಿ ಯಜಮಾನ್ರೇ, ಇಲ್ಲಿ ಮೂರು ಬಿಳಿ ಒಟ್ಗೇ ಅವೆ. ಉಣ್ಣಿಮೆ ಇಂದಿನ ಮೂರು ದಿನ. ಆ ಮೂರು ದಿನವೂ ಮೋಟಾರು ಓಡ್ತು. ಶಾಗ್ಯದ ಮದುವೆ ದಿಬ್ಬಣನ ಯಳಂದೂರಿಗೆ ನಾನೇ ಕೂರಿಸ್ಕಂಡು ಓಗಿದ್ದೆ. ನಿಮ್ಮ ಮನೆ ಮುಂದೆ ವಾಲಗ ಊದುಸ್ಕಂಡು ಓದ್ವಿ. ಯಾರನ್ನ ಬೇಕಾದ್ರೂ ಕೇಳಿ."

ನೇಕಾರರಲ್ಲಿ ಒಬ್ಬ, "ಊಂ, ಔದು. ನಾನೂ ನೋಡ್ದೆ" ಅಂದ.

"ಅತ್ತಿಗೆ ನಿದ್ದೆ ಮಾಡ್ಕಂಡು ಗಂಟು ಆಕವ್ರೆ" ಅಂತ ಮಾದೇವ ನಕ್ಕ. "ಮೂರು ಸುಳ್ಳಾದ್ರೆ ಅನ್ನೊಂದೂ ಸುಳ್ಳೇ."

ಹುಣ್ಣಿಮೆ ಹಿಂದಿನ ಮೂರು ದಿನ. ಆಗ ಹೊಳೆಯಿತು. ಆ ಮೂರು ದಿನ ನಾನು ಹೊರಗಿದ್ದೆ. ತಿಂಗಳಿಗೊಮ್ಮೆ ಹೊರಗಾದರೆ ನಮ್ಮಲ್ಲಿ ಹೆಂಗಸರು ಹಿತ್ತಿಲ ಕೊಟ್ಟಿಗೆಯಲ್ಲಿ ಕೂರಬೇಕು. ಜಗಲಿ ಇಲ್ಲ, ರಸ್ತೆ ಇಲ್ಲ. ರೇಷ್ಮೆಯನ್ನಂತೂ ಮುಟ್ಟುವ ಹಾಗೇ ಇಲ್ಲ, ಅದು ಮಡಿಯ ನೂಲು. ನಾಲ್ಕನೇ ದಿನ ಸ್ನಾನ ಮಾಡಿ ಬಂದು ದಾರ ತೆಗೆದುಕೊಂಡಿದ್ದೆ. ಕಣ್ಣಿಗೆ ಬಿದ್ದರೆ ಕೆಂಪು, ಬೀಳದಿದ್ದರೆ ಬಿಳಿ ಅಂತ ನಾನೇ ಮಾಡಿದ ಕಾನೂನು. ಮೂರು ದಿನ ಕಣ್ಣಿಗೆ ಬಿದ್ದಿರಲಿಲ್ಲ. ಮೂರು ಬಿಳಿ ಹಾಕಿದೆ. ಯೋಚನೆಯೇ ಮಾಡಲಿಲ್ಲ, ಯಾರನ್ನೂ ವಿಚಾರಿಸಲೂ ಇಲ್ಲ. ಅಣ್ಣಯ್ಯನ ಮನೆಯಲ್ಲಿ ಈ ತಪ್ಪು ಆಗಲು ದಾರಿಯೇ ಇರಲಿಲ್ಲ. ಬಾಣಂತಿ ಮಲಗಿದ್ದಳು, ಅಡಿಗೆಗೆ ಬೇರೆ ಕೈ ಇರಲಿಲ್ಲ, ಒಂದೇ ಕೋಣೆ. ಹೊರಗೆ ಕೂರೋಣ ಅಂದರೆ ರೈಲು ಕಂಬಿಯ ಮೇಲೇ ಕೂರಬೇಕಾಗಿತ್ತು. ಸುಮ್ಮನೆ ಅಡಿಗೆ ಮಾಡಿಕೊಂಡಿದ್ದೆ, ಯಾರಿಗೂ ಹೇಳಲಿಲ್ಲ, ಯಾರ ಹೊಟ್ಟೆಯೂ ಕೆಡಲಿಲ್ಲ.

ಜಗಲಿಯಲ್ಲಿ ಆರು ಗಂಡಸರು ನನ್ನ ಮುಖ ನೋಡುತ್ತಿದ್ದರು. ಹೇಳಿದರೆ ಮಾನ ಹೋಗುತ್ತದೆ. ಹೇಳದಿದ್ದರೆ ಮಗ್ಗ ಹೋಗುತ್ತದೆ. ನಮ್ಮೋರ ಕಡೆ ನೋಡಿದೆ. ಅವರು ತಮ್ಮ ಕಾಲನ್ನೇ ನೋಡಿಕೊಳ್ಳುತ್ತಿದ್ದರು. ನಾಳೆಯಿಂದ ಆ ಕಾಲು ಯಾರ ಗುಂಡಿಗೆ ಇಳಿಯಬೇಕೋ ಅಂತ ಇರಬೇಕು.

"ಆ ಮೂರು ದಿನ ನಾನು ಹೊರಗಾಗಿದ್ದೆ" ಅಂದೆ. "ಹಿತ್ತಲಲ್ಲಿ ಕೂತಿದ್ದೆ. ಮೋಟಾರು ನೋಡಲಿಲ್ಲ. ತಪ್ಪು ನಂದು."

ಆರು ತಲೆ ಒಟ್ಟಿಗೇ ಬಗ್ಗಿದವು. ಗಂಡಸರು ಅಷ್ಟು ಚುರುಕಾಗಿ ನೆಲ ನೋಡಿದ್ದನ್ನು ನಾನು ಮತ್ತೆ ನೋಡಿಲ್ಲ. ಸಾಹುಕಾರರು ಕೆಮ್ಮಿದರು. ಬಾಗಿಲ ಹಿಂದೆ ನಮ್ಮತ್ತೆ "ಶಿವನೇ" ಅಂದದ್ದು ಕೇಳಿಸಿತು.

ಹೇಳಿದ್ದಾಯಿತಲ್ಲ, ಇನ್ನೇನು ಹೆದರಿಕೆ? ಸಾಹುಕಾರರ ಕೈಯಿಂದ ದಾರ ತೆಗೆದುಕೊಂಡು, ಆ ಮೂರು ಬಿಳಿ ಗಂಟನ್ನು ಎಲ್ಲರ ಮುಂದೆಯೇ ಉಗುರಿನಿಂದ ಬಿಚ್ಚಿದೆ. ಬಿಚ್ಚಿ ಮೂರು ಕೆಂಪು ಹಾಕಿದೆ. ಆಮೇಲೆ ದಾರವನ್ನು ವಾಪಸ್ಸು ಅವರ ಕೈಗೇ ಕೊಟ್ಟೆ.

"ತಕಳ್ಳಿ ಸಾವ್ಕಾರ್ರೇ. ಈಗ ಇನ್ನು ಎಂಟು ಬಿಳಿ ಅವೆ. ನೀವು ಬೆರಳು ಮಡಿಸಿ ಎಣಿಸೋರು. ಆ ಎಂಟು ದಿನ ನಿಮ್ಮ ಮೋಟಾರು ಎಲ್ಲಿತ್ತು ಏಳಿ. ಅದೂ ಒರಗೆ ಕೂತಿತ್ತಾ?"

ಯಾರೋ ನಗು ತಡೆಯಲಾರದೆ ಮೂಗಿನಲ್ಲಿ ಬಿಟ್ಟರು. ಮಾವನವರು ಅಂತ ನನ್ನ ಅನುಮಾನ. ಸಾಹುಕಾರರು ಆ ಎಂಟು ಬಿಳಿಯನ್ನೂ ಮತ್ತೆ ಬೆರಳು ಮಡಿಸಿ ಎಣಿಸಿದರು. ಒಂದು ಗಂಟನ್ನೂ ಅಲ್ಲಗಳೆಯಲಿಲ್ಲ.

ಮಾವನವರು ಎದ್ದರು. "ಇನ್ನೊಂದು ತಿಂಗಳು ಗಂಟು ಆಕಲಿ. ಈ ಸಲ ನೆಟ್ಟಗೆ. ಆಮೇಲೆ ಮಾತು" ಅಂದು ಒಳಗೆ ಹೋದರು.

ಸಾಯಂಕಾಲ ಅಡಿಗೆಮನೆಯಲ್ಲಿ ನಮ್ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಪಾತ್ರೆಗಳ ಜೊತೆ ಮಾತಾಡಿದರು. "ಗಂಡಸ್ರ ಮುಂದೆ ಬಾಯ್ಬುಟ್ಟು ಏಳುದ್ಲಲ್ಲ. ಅನೂರು ತಂಕ ಓಯ್ತದೆ ಈ ಸುದ್ದಿ" ಅಂತ ಚರಿಗೆಗೆ ಹೇಳಿದರು. ನಾನು ಸುಮ್ಮನಿದ್ದೆ ಅಂದುಕೊಂಡಿರಾ? "ಮೋಟಾರು ಓಡುದ್ರೆ ತಾನೇ ಅನೂರಿಗೆ ಓಗೋದು" ಅಂದೆ. ಅದಕ್ಕೆ ಚರಿಗೆ ಉತ್ತರ ಕೊಡಲಿಲ್ಲ.

ಮತ್ತೆ ನನ್ನ ದಿನ ಬಂತು. ಚಾಪೆ ಸುತ್ತಿಕೊಂಡು ಹಿತ್ತಿಲ ಕೊಟ್ಟಿಗೆಗೆ ಹೊರಟೆ. ನಮ್ಮತ್ತೆ ಅಡ್ಡ ನಿಂತರು. ಮೂವತ್ತು ವರ್ಷ ಆ ಕೊಟ್ಟಿಗೆಯಲ್ಲಿ ತಾವೂ ಕೂತು, ನಾದಿನಿಯರನ್ನೂ ಕೂರಿಸಿ, ಒಂದು ದಿನವೂ ತಪ್ಪದ ಹೆಂಗಸು. ಜಗಲಿಯ ತುದಿಯಲ್ಲಿ ಸೌದೆ ಒಟ್ಟುವ ಮೂಲೆ ಇತ್ತು. ಅದನ್ನು ಗುಡಿಸಿ, ಒಂದು ಗೋಣಿಯನ್ನು ಮರೆಗೆ ಕಟ್ಟಿದ್ದರು.

"ಇಲ್ಲಿ ಕೂರು" ಅಂದರು. "ಇಲ್ಲಿಂದ ರಸ್ತೆ ಕಾಣ್ತದೆ."

ನಾನು ಬಾಯಿ ಬಿಡುವುದರೊಳಗೆ, "ದಾರ ಮುಟ್ಬೇಡ, ಮೈಲಿಗೆ ಆಯ್ತದೆ. ನೀನು ಬಣ್ಣ ಏಳು, ಗಂಟು ನಾನು ಆಕ್ತೀನಿ" ಅಂದರು.

ಮೂರು ದಿನ ಹಾಗೇ ಮಾಡಿದೆವು. ಸಾಯಂಕಾಲವಾದರೆ ನಾನು ಗೋಣಿಯ ಸಂದಿಯಿಂದ "ಕೆಂಪು" ಅನ್ನುವುದು, ಅವರು ದೂರದಲ್ಲಿ ಕೂತು ಗಂಟು ಹಾಕುವುದು. ಎರಡನೇ ದಿನ ಮೋಟಾರು ಬರಲಿಲ್ಲ. "ಬಿಳಿ" ಅಂದೆ. ಅವರು ಅಷ್ಟಕ್ಕೇ ನಂಬಲಿಲ್ಲ. ಎದ್ದು ಬೀದಿಗೆ ಹೋಗಿ, ಹಣೆಗೆ ಕೈ ಇಟ್ಟು ಹನೂರಿನ ಕಡೆಗೂ ಯಳಂದೂರಿನ ಕಡೆಗೂ ನೋಡಿ ಬಂದು, ಆಮೇಲೆ ಬಿಳಿ ಹಾಕಿದರು. ಕೆಲಸ ಅಂದರೆ ಹಾಗೆ.

ಆ ತಿಂಗಳು ಒಂಬತ್ತು ಬಿಳಿ. ಮಾವನವರು ದಾರ ಎಣಿಸಿ ತೀರ್ಪು ಹೇಳಿದರು. "ಎರಡು ಮಗ್ಗ ಕೊಡಲ್ಲ. ಮಾದೇವನ ಪಾಲಿಂದು ಒಂದು ಅವನದು. ಉಳುಸ್ಕತಾನೋ ಓಡುಸ್ಕತಾನೋ ಅವನಿಷ್ಟ."

ನಮ್ಮೋರು ಎದ್ದು ಹೋಗಿ ಮಗ್ಗದ ಗುಂಡಿಗೆ ಇಳಿದರು. ಲಾಳಿಯ ಸದ್ದು ಕೇಳಿಸಿತು. ನನಗೆ ಅಷ್ಟೇ ಬೇಕಾಗಿತ್ತು.

ಮಾದೇವ ಓಡಿಸಿದ. ತನ್ನ ಮಗ್ಗ ಮಾರಿ ಎರಡನೇ ಮೋಟಾರಿಗೆ ಪಾಲುದಾರನಾದ. ಪೇಟ ಸುತ್ತಿ ಡ್ರೈವರ ಪಕ್ಕ ಕೂತು ನಮ್ಮ ಮನೆಯ ಮುಂದೆ ಹಾದುಹೋಗುವಾಗ ಬೇಕಂತಲೇ ಹಾರನ್ನು ಹೊಡೆಸುತ್ತಿದ್ದ. ನಾನೂ ಬೇಕಂತಲೇ ತಲೆ ಎತ್ತುತ್ತಿರಲಿಲ್ಲ. ಎತ್ತದೆಯೂ ಗೊತ್ತಾಗುತ್ತಿತ್ತು ಬಿಡಿ. ಕೆಲವು ವರ್ಷ ಚೆನ್ನಾಗಿಯೇ ಇದ್ದ, ಸುಳ್ಳು ಹೇಳಬಾರದು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರನ್ನು ಯಳಂದೂರಿನ ತನಕ ಕೂರಿಸಿಕೊಂಡು ಹೋಗುತ್ತಿದ್ದ. ನಮ್ಮತ್ತೆಯನ್ನೂ ಒಮ್ಮೆ ಕೂರಿಸಿಕೊಂಡು ಹೋದ. ಆಮೇಲೆ ನಿಲ್ಲುವ ದಿನ ಹೆಚ್ಚಾದವು. ಟಯರಿಗೆ ಪೇಟ ಹೋಯಿತು, ಅಂದರೆ ಪೇಟ ಕೊಳ್ಳುವ ದುಡ್ಡು. ಕೊನೆಗೆ ಶಾಗ್ಯದ ಹತ್ತಿರ ಅಡಿಯ ಕಬ್ಬಿಣ ಮುರಿದು ಕೂತದ್ದು ಏಳಲೇ ಇಲ್ಲ. ಪಾಲುದಾರರು ಹಂಚಿಕೊಂಡರು. ಇಂಜಿನ್ನು ಒಬ್ಬರಿಗೆ, ಚಕ್ರ ಒಬ್ಬರಿಗೆ, ತಗಡು ಒಬ್ಬರಿಗೆ. ಮಾದೇವನ ಪಾಲಿಗೆ ಜನ ಕೂರುವ ಹಲಗೆ. ಬರದ ರೈಲಿನ ಜಾಗದಲ್ಲಿ ಓಡಿದ ಮೋಟಾರು ಒಂದು ಮಗ್ಗ ನುಂಗಿದ್ದು ಹೀಗೆ.

ಒಂದು ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದ. ಜಗಲಿಯ ಮೇಲೆ ಇಳಿಸಿದ. ನನ್ನ ಕಡೆ ನೋಡಲಿಲ್ಲ. ನನ್ನ ಬಾಯಲ್ಲಿ ಹತ್ತು ಮಾತು ಸಿದ್ಧವಾಗಿದ್ದವು, ಒಂದಕ್ಕಿಂತ ಒಂದು ಚೂಪು. ಆಡಲಿಲ್ಲ. ಅತ್ತ ಸರಿದು ರಾಟೆಯನ್ನು ಎತ್ತಿ ಹಲಗೆಯ ಮುಂದಿಟ್ಟು, ಹಲಗೆಯ ಮೇಲೆ ಕೂತೆ.

"ಗಟ್ಟಿಯಾಗೇ ಅದೆ ಕಣ್ಲಾ" ಅಂದೆ.

"ಊಂ ಅತ್ತಿಗೆ" ಅಂದ. ಮಾರನೇ ದಿನದಿಂದ ನಮ್ಮ ಮನೆಯ ಮಗ್ಗದಲ್ಲೇ ಕೂತ. ಬಾಯಲ್ಲಿ ಹಾರನ್ನು ಹೊಡೆಯುವುದು ಮಾತ್ರ ನಿಂತಿತು. ಅದೊಂದು ನನಗೆ ಬೇಜಾರಾಯಿತು, ಬೇರೆ ಏನೂ ಇಲ್ಲ.

ನಮ್ಮತ್ತೆ, ಮಾವ ಹೋದರು. ಮಾದೇವನಿಗೆ ಈಗ ಮೊಮ್ಮಕ್ಕಳು. ನನ್ನ ಮಗನಿಗೆ ಎರಡು ವಾರದ ಹಿಂದೆ ಇದೆಲ್ಲಾ ಹೇಳಿದೆ. "ಅದು ಆ ಕಾಲ ಬುಡವ್ವ. ಈಗ ಬಸ್ಸು ಬ್ಯಾರೆ, ರೈಲು ಬ್ಯಾರೆ. ಮೈಸೂರಿಗೆ ಸೇರುದ್ ಮೇಲೆ ರೈಲು ಬರಕ್ಕೆ ಮುಂಚೆನೇ ಟೇಷನ್ನಿಂದ ಊರೊಳಕ್ಕೆ ಒಂದು ಬಸ್ಸು ಬುಡಬೇಕು ಅಂತ ನಮ್ಮ ಸ್ನೇಹಿತರೆಲ್ಲಾ ಪಾಲು ಆಕ್ತಾವ್ರೆ" ಅಂದ. ಅಂದವನು ಮಗ್ಗದ ಕಡೆ ನೋಡಿದ. ನಮ್ಮೋರ ಮಗ್ಗದ ಕಡೆ. ಅವರು ಈಗಲೂ ಅದರಲ್ಲೇ ಕೂತಿದ್ದರು, ಕಿವಿ ಮಂದ, ಏನೂ ಕೇಳಿಸಿರಲಿಲ್ಲ.

ಎಷ್ಟು ಮಗ್ಗ ಆಯ್ತದೆ ಅಂತ ನಾನು ಕೇಳಲಿಲ್ಲ. ಎದ್ದು ಒಳಗೆ ಹೋಗಿ ಒಂದು ಗಟ್ಟಿ ದಾರ, ಎರಡು ಉಂಡೆ ನೂಲು ತಂದೆ. ಹಲಗೆಯ ಮೇಲೆ ರಸ್ತೆಗೆ ಮುಖ ಮಾಡಿ ಕೂತೆ. ಈಗ ನಮ್ಮ ಬೀದಿಯಲ್ಲಿ ಓಡುವ ಬಸ್ಸಿಗೆ ಇವತ್ತಿಗೆ ಹನ್ನೆರಡು ದಿನ, ನಾಲ್ಕು ಬಿಳಿ. ಒಂದು ತಿಂಗಳು ಆಗಲಿ, ಮಾತಾಡೋಣ ಅಂದಿದ್ದೇನೆ ಮಗನಿಗೆ. ಅವನು ಪೇಪರು ಮಡಿಸಿ ಪಕ್ಕದಲ್ಲೇ ಕೂರುತ್ತಾನೆ, ಎಲ್ಲಾದರೂ ಗಂಟು ತಪ್ಪುತ್ತದಾ ಅಂತ ಕಾಯುತ್ತಾನೆ.

ಕಾಯಲಿ. ನನಗೆ ಈಗ ಹೊರಗಾಗುವ ದಿನಗಳಿಲ್ಲ.